ನಾರು ಬಿಟ್ಟ ಹೂವು

ಖಚಿತವಾಗಿ ಗೊತ್ತಿರುವ ಸಂಗತಿ ಮೈಯಲ್ಲಿ ಎಲ್ಲಿ ಬಂದು ಕೂರುತ್ತದೆ ಎಂಬುದನ್ನು ಅವಳು ಸೋಮವಾರದಿಂದ ಗಮನಿಸುತ್ತಿದ್ದಳು. ಅದು ಬಂದು ಕೂತದ್ದು ಹೆಗಲಲ್ಲಿ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಕನ್ನಡಿಯೆದುರು ತಲೆ ಬಾಚುವಾಗ, ಈಗ ಪ್ರಯೋಗಾಲಯದ ಹಿಂದಿನ ಇಕ್ಕಟ್ಟು ಕೋಣೆಯಲ್ಲಿ ಕೆಟಲಿನ ನೀರು ಕುದಿಯಲೆಂದು ಕಾಯುವಾಗಲೂ ಹೆಗಲೆರಡೂ ಹಿಂದಕ್ಕೆ ಸರಿದು ಬೆನ್ನು ತಾನಾಗಿ ನೆಟ್ಟಗಾಗಿಬಿಡುತ್ತಿತ್ತು. ಸಂಶಯದಲ್ಲೇ ಕಳೆದ ಇಷ್ಟು ವರ್ಷ ಅವಳು ಸ್ವಲ್ಪ ಬಗ್ಗಿಯೇ ನಡೆದವಳು, ಯಾರಾದರೂ ಎದುರು ಬಂದರೆ ಗೋಡೆಯ ಕಡೆ ಸರಿಯುವವಳು. ಈಗ ನೆಟ್ಟಗಿರುವುದಕ್ಕೆ ನಾಚಿಕೆಯಾಗುತ್ತಿತ್ತು. ಇಂಥ ಸಂಗತಿ ತಿಳಿದವಳಿಗೆ ಬೆನ್ನು ಹೀಗೆ ನೆಟ್ಟಗಾಗಬಾರದು. ಇನ್ನು ಅರ್ಧ ಗಂಟೆಗೆ ಮೀಟಿಂಗು, ಸಂಜೆ ಆಸ್ಪತ್ರೆ. ಅಲ್ಲಿ ಅವಳ ತಮ್ಮ ತನ್ನ ಒಂದು ಕಿಡ್ನಿಯನ್ನು ದೊಡ್ಡಕ್ಕನಿಗೆ ಕೊಡಲು ಒಪ್ಪಿ ಸಹಿ ಹಾಕುವವನಿದ್ದ. ಶನಿವಾರ ಆಪರೇಷನ್. ಅವನು ಆ ಸಹಿ ಹಾಕಬಾರದು ಎಂಬುದು ಸದ್ಯಕ್ಕೆ ಈ ಲೋಕದಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು.

ಪ್ರಯೋಗಗಳ ಅಂಕಿಸಂಖ್ಯೆ ನೋಡುವವನು ಖಾಲಿ ಲೋಟ ಹಿಡಿದು ಒಳಗೆ ಬಂದ. ಪ್ರತಿ ಅಂಕಿಯನ್ನೂ ಬೈದುಕೊಂಡೇ ಪರಿಶೀಲಿಸುವುದರಿಂದ ಅವನಿಗೆ ಎಲ್ಲರೂ ಇಟ್ಟ ಹೆಸರು ಗೊಣಗಪ್ಪ. "ಏನ್ ಮೇಡಂ, ಇವತ್ತು ಯಾರ ತಲೆ ತೆಗೀಬೇಕು ಅಂತಿದ್ದೀರ?" ಎಂದ.

"ನನ್ನದೇ."

"ಅದಕ್ಕೆ ಮೀಟಿಂಗ್ ಯಾಕೆ ಪಾಪ, ಇಲ್ಲೇ ಕುದಿಯೋ ನೀರಿದೆಯಲ್ಲ." ಅವನು ಲೋಟ ಮುಂದೆ ಚಾಚಿದ. ಆಮೇಲೆ ದನಿ ತಗ್ಗಿಸಿ, "ನೋಡಿದೆ. ನಿನ್ನೆ ಕೂತು ಇಡೀ ಲೆಕ್ಕ ಮತ್ತೆ ಹಾಕಿದೆ. ತಪ್ಪು ಹುಡುಕೋಣ ಅಂತಲೇ ಕೂತಿದ್ದೆ, ದರಿದ್ರ, ಒಂದೂ ಸಿಗಲಿಲ್ಲ" ಎಂದ. ಅವಳು ನೀರು ಸುರಿದಳು. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ. ಅದನ್ನೂ ಅವಳು ಗಮನಿಸಿದಳು.

ಈ ಪ್ರಯೋಗಾಲಯಕ್ಕೆ ಸೇರಿದವರು ಮೊದಲ ವಾರದಲ್ಲೇ ಕಲಿಯುವ ಎರಡು ಮಾತು ಹೂವು ಮತ್ತು ನಾರು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಎಂಬ ಗಾದೆಯನ್ನು ಮುಖ್ಯಸ್ಥರು ಯಾವುದೋ ಕಾಲದಲ್ಲಿ ಬೋರ್ಡಿನ ಮೇಲೆ ಬರೆದರಂತೆ, ಅಂದಿನಿಂದ ಅದೇ ಇಲ್ಲಿನ ಭಾಷೆ. ಮನುಷ್ಯನ ಜೀವಕೋಶದೊಳಗೆ ಸಾಲುಗಟ್ಟಿರುವ ಕೋಟಿ ಕೋಟಿ ಅಕ್ಷರಗಳಲ್ಲಿ ಎಲ್ಲೋ ಒಂದು ಬದಲಾಗುತ್ತದೆ. ಬದಲಾದ ಅಕ್ಷರ ಜೀವ ಉಳಿಸುವಂಥದಾದರೆ ಅದನ್ನು ಹೊತ್ತವರು ಬದುಕುತ್ತಾರೆ, ಹೊರದವರು ಸಾಯುತ್ತಾರೆ, ಕೆಲವು ನೂರು ತಲೆಮಾರು ಕಳೆಯುವುದರೊಳಗೆ ಆ ಅಕ್ಷರ ಜನರ ತುಂಬ ಹಬ್ಬಿರುತ್ತದೆ. ಅದು ಹೂವು. ಹಬ್ಬುವ ಅವಸರದಲ್ಲಿ ಅದು ಅಕ್ಕಪಕ್ಕದ ಅಕ್ಷರಗಳನ್ನೂ ತನ್ನ ಜೊತೆ ಎಳೆದು ತರುತ್ತದೆ. ಅವು ಒಳ್ಳೆಯದನ್ನೂ ಮಾಡಿದವಲ್ಲ, ಕೆಟ್ಟದ್ದನ್ನೂ ಮಾಡಿದವಲ್ಲ, ಪಕ್ಕದಲ್ಲಿದ್ದವು ಅಷ್ಟೆ. ಅವು ನಾರು. ಪ್ರತಿ ತಲೆಮಾರಿನಲ್ಲೂ ಈ ಸಾಲುಗಳು ಅಲ್ಲಲ್ಲಿ ಕತ್ತರಿಸಿ ಅದಲುಬದಲಾಗುವುದರಿಂದ ಹಳೆಯ ಸಾಲುಗಳೆಲ್ಲ ಚೂರುಚೂರು. ಎಲ್ಲಿ ಒಂದು ಸಾಲು ಉದ್ದಕ್ಕೆ, ಇಡಿಯಾಗಿ, ಬಹಳ ಜನರಲ್ಲಿ ಒಂದೇ ಥರ ಉಳಿದಿದೆಯೋ ಅಲ್ಲಿ ಹಿಂದೆ ಏನೋ ಅವಸರದಲ್ಲಿ ನಡೆದಿದೆ ಎಂದರ್ಥ. ಏನೋ ಎಂದರೆ ಸಾವು. ಮೊದಲ ವರ್ಷ ಅವಳು ಪರದೆಯ ಮೇಲೆ ಅಂಥ ಗೆರೆಯೊಂದು ಏರುವುದನ್ನು ಕಂಡು ಚೆನ್ನಾಗಿದೆ ಅಂದುಕೊಂಡಿದ್ದಳು. ಆ ಏರಿನಡಿ ಮಲಗಿರುವವರು ಯಾರು ಎಂದು ಹೊಳೆದದ್ದು ಕಿಡ್ನಿ ಕೆಟ್ಟು ಅಪ್ಪ ಸತ್ತ ವರ್ಷ. ಅಪ್ಪನ ಮುಖ ಕೊನೆಗೆ ಊದಿಕೊಂಡು, ನಗುವಾಗ ಕಣ್ಣು ಕಾಣದಂತಾಗುತ್ತಿತ್ತು. ನಗುತ್ತಿದ್ದರು. ಯಾವುದೋ ಕಾಲದಲ್ಲಿ ಒಂದು ಜ್ವರ ಬಂದಿರಬೇಕು. ಮಕ್ಕಳನ್ನೂ ಬಾಣಂತಿಯರನ್ನೂ ಸಾಲಾಗಿ ಒಯ್ದ ಜ್ವರ. ಈ ಅಕ್ಷರದ ಒಂದು ಪ್ರತಿ ಇದ್ದ ಅಜ್ಜಿಯ ಅಜ್ಜಿಯ ಅಜ್ಜಿಯೊಬ್ಬಳು ಉಳಿದುಕೊಂಡಳು. ಅಪ್ಪನಿಂದೊಂದು, ಅಮ್ಮನಿಂದೊಂದು ಎಂದು ಎರಡು ಪ್ರತಿ ಸಿಕ್ಕವರಲ್ಲಿ ಬಹಳ ಜನರಿಗೆ ನಡುವಯಸ್ಸಿಗೆ ಕಿಡ್ನಿ ಸೋಲುತ್ತದೆ. ಜ್ವರ ಹೋಗಿ ಎಷ್ಟೋ ಕಾಲವಾಯಿತು, ಕಾವಲುಗಾರ ಮಾತ್ರ ಇನ್ನೂ ಮನೆಯೊಳಗಿದ್ದಾನೆ, ಮನೆಯವರನ್ನೇ ಹೊಡೆಯುತ್ತಾನೆ.

ಮುಖ್ಯಸ್ಥರು ಈ ಉದ್ದ ಸಾಲನ್ನು ಗುರುತಿಸಿ ಹೆಸರು ಮಾಡಿದವರು. ಅದರ ಬಲತುದಿಯ ಒಂದು ಅಕ್ಷರವನ್ನು ಹೂವೆಂದು ಹಿಡಿದು, ಅದನ್ನು ಪತ್ತೆಹಚ್ಚುವ ರಕ್ತಪರೀಕ್ಷೆ ರೂಪಿಸಿ ಆಸ್ಪತ್ರೆಗಳಿಗೆ ಕೊಟ್ಟಿದ್ದರು. ಸಾಲು ಇಡಿಯಾಗಿರುವವರಲ್ಲಿ ಆ ಅಕ್ಷರ ಇದ್ದರೆ ಉಳಿದವೂ ಇರುತ್ತವೆ, ಹಾಗಾಗಿ ಪರೀಕ್ಷೆ ಸಾಮಾನ್ಯವಾಗಿ ಸುಳ್ಳು ಹೇಳುತ್ತಿರಲಿಲ್ಲ. ಸಾಲು ಮಧ್ಯದಲ್ಲಿ ಮುರಿದ ಕೆಲವರು ಮಾತ್ರ ಇದ್ದರು. ಅವರನ್ನು ಅವಳು ಎಸೆದುಬಿಟ್ಟಿದ್ದಳು.

ಎಸೆದದ್ದು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳೇ ಕಂಪ್ಯೂಟರಿಗೆ ಬರೆದ ಜರಡಿ. ಸಾವಿರಾರು ಜನರ ರಕ್ತದಿಂದ ಓದಿದ ಅಕ್ಷರಗಳನ್ನು ಯಂತ್ರ ಎಷ್ಟೋ ಸಲ ತಪ್ಪಾಗಿ ಓದುತ್ತದೆ, ಇಬ್ಬರ ಟ್ಯೂಬು ಅದಲುಬದಲಾಗುತ್ತದೆ. ಅನುಮಾನ ಬಂದದ್ದನ್ನು ಪಕ್ಕಕ್ಕೆ ತಳ್ಳುವುದು ಜರಡಿಯ ಕೆಲಸ. ಸಾಲು ಇಡಿಯಾಗಿರಬೇಕಾದ ಕಡೆ ಮುರಿದಂತೆ ಕಂಡರೆ ಅದು ಓದಿನ ತಪ್ಪು ಎಂದು ಅವಳು ಒಂದೇ ಗೆರೆಯಲ್ಲಿ ಬರೆದಿದ್ದಳು. ಎಂಥ ಚೊಕ್ಕ ಕೆಲಸ ಎಂದು ಎಲ್ಲರೂ ಹೊಗಳಿದ್ದರು. ಹೊರಗಿನ ಅತಿಥಿಯೊಬ್ಬರಿಗೆ ಮುಖ್ಯಸ್ಥರು ಅವಳನ್ನು ಪರಿಚಯಿಸಿದ್ದು, "ಇವಳು ನಮ್ಮ ಜರಡಿಯವಳು, ಕಸ ಗುಡಿಸೋದರಲ್ಲಿ ಇವಳನ್ನ ಮೀರಿಸೋರಿಲ್ಲ" ಎಂದು. ಅತಿಥಿ ನಕ್ಕಿದ್ದರು, ಅವಳೂ ನಕ್ಕಿದ್ದಳು. ಆ ನಗು ಮುಖದಲ್ಲಿ ಸಂಜೆಯವರೆಗೆ ಅಂಟಿಕೊಂಡಿತ್ತು, ಬಸ್ಸಿಳಿದು ಮನೆಗೆ ನಡೆಯುವಾಗ ಕೆನ್ನೆ ನೋಯುತ್ತಿತ್ತು.

ಮೀಟಿಂಗಿನ ಕೋಣೆಯಲ್ಲಿ ಪರದೆಯ ಬೆಳಕು ಅವಳ ಹಣೆಯ ಮೇಲೇ ಬೀಳುತ್ತಿತ್ತು. "ಸ್ವಲ್ಪ ಈ ಕಡೆ ಬಾಮ್ಮ, ನಿನ್ನ ತಲೇನೇ ಕಾಣ್ತಿದೆ, ಚಿತ್ರ ಕಾಣ್ತಿಲ್ಲ" ಎಂದರು ಮುಖ್ಯಸ್ಥರು. ಯಾವುದನ್ನು ತೋರಿಸಿದರೂ ಇದಕ್ಕೆ ತೂಕ ಇಲ್ಲ ಅನ್ನುವ ಅವರ ಅಭ್ಯಾಸಕ್ಕೆ ಹುಡುಗಿಯರು ಹಿಂದಿನಿಂದ ಅವರನ್ನು ತೂಕ ಎಂದೇ ಕರೆಯುತ್ತಿದ್ದರು. ಅವಳು ಈ ಕಡೆ ಸರಿದಳು. ಎಂದಿನಂತೆ ಗೋಡೆಗೆ ತಾಗುವವರೆಗೆ ಸರಿಯಲಿಲ್ಲ. ಮಾತು ಶುರುಮಾಡಿದ ಮೇಲೆ ತನ್ನ ದನಿ ತನಗೇ ಪರಿಚಯವಿಲ್ಲದಷ್ಟು ಸಮವಾಗಿ ಹೊರಬಂದು, ಅದು ಬೇರೆ ಯಾರದೋ ಎಂಬಂತೆ ಅವಳು ಕೇಳಿಸಿಕೊಂಡಳು. ಜರಡಿ ಎಸೆದವರನ್ನು ಮತ್ತೆ ಎತ್ತಿ ನೋಡಿದ್ದೇನೆ. ಅವರ ರಕ್ತವನ್ನು ಬೇರೆ ಯಂತ್ರದಲ್ಲಿ ಓದಿಸಿದ್ದೇನೆ. ಓದಿನ ತಪ್ಪಿರಲಿಲ್ಲ, ಇವರ ಸಾಲು ನಿಜವಾಗಿಯೂ ಮುರಿದಿದೆ. ಕೆಲವರಲ್ಲಿ ಬಲತುದಿಯ ಅಕ್ಷರ ಉಳಿದು ಎಡಗಡೆಯ ತುಂಡು ಹೋಗಿದೆ. ಅವರಲ್ಲಿ ಒಬ್ಬರಿಗೂ ಕಾಯಿಲೆಯಿಲ್ಲ, ಬಲತುದಿಯದು ಎರಡು ಪ್ರತಿಯಿದ್ದರೂ ಇಲ್ಲ. ಕೆಲವರಲ್ಲಿ ಬಲತುದಿ ಹೋಗಿ ಎಡಗಡೆಯ ಈ ಒಂದು ಅಕ್ಷರ ಉಳಿದಿದೆ. ಅದರ ಎರಡು ಪ್ರತಿ ಇರುವವರಲ್ಲಿ ಹೆಚ್ಚಿನವರು ಡಯಾಲಿಸಿಸ್‌ನಲ್ಲಿದ್ದಾರೆ. ದೂರದ ಇನ್ನೊಂದು ಜನಾಂಗದಲ್ಲಿ ಈ ಸಾಲು ಬೇರೆ ಥರ ಸವೆದಿದೆ, ಅಲ್ಲೂ ಉಳಿದುಕೊಂಡಿರುವುದು ಇದೇ ಅಕ್ಷರ. ಯಾರು ಉಳಿಯಬೇಕೆಂಬ ಆ ಹಳೆಯ ಆಯ್ಕೆಯ ಗುರುತು ಎಷ್ಟು ಬಲವಾಗಿದೆ ಎಂದು ಬೇರೆ ಬೇರೆ ವಿಧಾನಗಳಿಂದ ಅಳೆದರೂ ಎಲ್ಲ ಅಳತೆಯೂ ಇಲ್ಲೇ ಬಂದು ನಿಲ್ಲುತ್ತದೆ. "ಹೂವು ಇದು ಸರ್. ನಾವು ಇಷ್ಟು ದಿನ ಅಳೆದಿದ್ದು ನಾರನ್ನ."

ಯಾರೋ ಪೆನ್ನಿನ ಕ್ಯಾಪು ಮುಚ್ಚಿದ ಸದ್ದಾಯಿತು.

"ಕಸದಬುಟ್ಟಿಗೆ ಹಾಕಿದವಳೂ ನೀನೇ, ಈಗ ಅದನ್ನೇ ಬುಟ್ಟಿಯಿಂದ ತೆಗೆದು ಬಂಗಾರ ಅನ್ನೋಳೂ ನೀನೇ. ನಾನು ಏನಮ್ಮಾ ಹೇಳ್ಲಿ?"

"ಕಸ ಅಂದಿದ್ದು ತಪ್ಪಾಗಿತ್ತು ಸರ್."

"ಇಷ್ಟು ಕಡಿಮೆ ಜನರಿಗೆ ಏನು ತೂಕ?"

"ಮುರಿದವರು ಕಡಿಮೆಯೇ ಇರ್ತಾರೆ ಸರ್. ಇಡಿಯಾಗಿರೋರು ಎಷ್ಟು ಲಕ್ಷ ಬಂದ್ರೂ ಹೂವು ಯಾವುದು ನಾರು ಯಾವುದು ಅಂತ ಹೇಳೋಕಾಗಲ್ಲ. ಎರಡೂ ಒಟ್ಟಿಗೇ ಇರುತ್ತಲ್ಲ."

ಗೊಣಗಪ್ಪ ಕುರ್ಚಿಯಲ್ಲಿ ಮಿಸುಕಾಡಿದ. "ಲೆಕ್ಕ ಸರಿಯಿದೆ ಸರ್. ನಾನು ಬೈಕೊಂಡೇ ನೋಡಿದೆ. ಸರಿಯಿದೆ."

ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವಿಲ್ಲದ ಅವರ ಮುಖವನ್ನು ಅವಳು ಎಂದೂ ಇಷ್ಟು ಹೊತ್ತು ನೋಡಿರಲಿಲ್ಲ. ಮೂಗಿನ ಎರಡು ಬದಿಗೂ ಕೆಂಪು ಗುಳಿ, ನಿದ್ದೆಗಣ್ಣಲ್ಲಿ ಎಬ್ಬಿಸಿದ ಮಗುವಿನ ಮುಖದ ಹಾಗೆ ಏನೂ ಮುಚ್ಚಿಕೊಳ್ಳದ ಮುಖ. ಗೆದ್ದೆ ಎಂದು ಅವಳ ಹೆಗಲು ಇನ್ನಷ್ಟು ಅಗಲವಾಗಲು ಹೊರಟಿತು, ಅವಳು ತಡೆದಳು. "ಎಷ್ಟು ಜನಕ್ಕೆ ತಪ್ಪು ಹೇಳಿರಬಹುದು ನಾವು?" ಎಂದು ಅವರು ಕೇಳಿದ್ದು ಯಾರನ್ನೋ ಗೊತ್ತಾಗಲಿಲ್ಲ. ಕನ್ನಡಕ ಹಾಕಿಕೊಂಡು, "ಸರಿ. ಇನ್ನೊಂದು ಪ್ರಯೋಗಾಲಯಕ್ಕೆ ಕೊಟ್ಟು ಖಾತ್ರಿ ಮಾಡಿಸೋಣ. ಎರಡು ತಿಂಗಳು ಹಿಡಿಯುತ್ತೆ. ಆಮೇಲೆ ಆಸ್ಪತ್ರೆಗಳಿಗೆ ಹೇಳಿದರಾಯ್ತು" ಎಂದರು.

"ಅಷ್ಟು ಟೈಮಿಲ್ಲ ಸರ್. ಶನಿವಾರ ಒಂದು ಆಪರೇಷನ್ ಇದೆ." ಇಲ್ಲಿಗೆ ನಿಲ್ಲಿಸಬಹುದಿತ್ತು. "ಎಸೆದವರಲ್ಲಿ ಒಬ್ಬ ನನ್ನ ತಮ್ಮ."

ಕೋಣೆ ಒಮ್ಮೆಲೇ ಬೇರೆಯಾಯಿತು. ಟ್ಯೂಬಿನ ಮೇಲಿನ ಸಂಖ್ಯೆಯ ಹಿಂದೆ ಯಾರಿದ್ದಾರೆಂದು ಯಾರೂ ನೋಡುವಂತಿಲ್ಲ, ಇದು ಇಲ್ಲಿ ಬಾಗಿಲಿನಷ್ಟೇ ಗಟ್ಟಿಯಾದ ನಿಯಮ. ರಕ್ತ ಕೊಟ್ಟವರಿಗೆ ಅವರು ಮಾತು ಕೊಟ್ಟಿದ್ದರು. ಅವಳಿಗೆ ನೋಡುವ ಅಗತ್ಯವೇ ಬಿದ್ದಿರಲಿಲ್ಲ. ಆರೋಗ್ಯವಂತರ ರಕ್ತ ಸಾಲದೆ ಬಂದಿದ್ದ ವರ್ಷ ಸಿಬ್ಬಂದಿಯೆಲ್ಲ ಮನೆಯವರನ್ನು ಕರೆತಂದಿದ್ದರು. ಅವಳು ತಮ್ಮನನ್ನು ಕರೆತಂದು, ತನ್ನ ಟ್ಯೂಬಿಗೂ ಅವನ ಟ್ಯೂಬಿಗೂ ತಾನೇ ಚೀಟಿ ಅಂಟಿಸಿದ್ದಳು. ಒಂದರ ಹಿಂದೊಂದು ಸಂಖ್ಯೆ. ಸೋಮವಾರ ಮಧ್ಯಾಹ್ನ ಎಸೆದವರ ನಡುವೆ ಅವನ ಸಂಖ್ಯೆ ಪರದೆಯ ಮೇಲೆ ಬಂದಾಗ ರಸ್ತೆಯಲ್ಲಿ ಮುಖ ಕಂಡಂತೆ ಗುರುತು ಸಿಕ್ಕಿತ್ತು. ಒಂದು ಇಡೀ ಸಾಲು, ಅಪ್ಪನದು. ಒಂದು ಮುರಿದ ಸಾಲು. ನಾರನ್ನು ಬಿಟ್ಟು ಹೂವನ್ನಷ್ಟೇ ಉಳಿಸಿಕೊಂಡ ತುಂಡು, ಅದು ಅಮ್ಮನದು. ಇಡೀ ಜನ್ಮ ಯಾರ ಬಗ್ಗೆಯೂ ಒಂದು ಮಾತೂ ಆಡದೆ, ಒಂದು ಮಧ್ಯಾಹ್ನ ಮಲಗಿದವಳು ಏಳದೆ ಹೋದ ಅಮ್ಮ ಸದ್ದಿಲ್ಲದೆ ಕೊಟ್ಟದ್ದು. ಆಸ್ಪತ್ರೆಯ ಪರೀಕ್ಷೆಗೆ ಅಮ್ಮನ ತುಂಡು ಕಾಣುವುದೇ ಇಲ್ಲ. ಆ ಪರೀಕ್ಷೆ ತಮ್ಮನಲ್ಲಿ ಒಂದೇ ಪ್ರತಿ ಎಂದು ಎಣಿಸಿ ಅಪಾಯವಿಲ್ಲ ಎಂದಿತ್ತು. ಅಕ್ಕನಲ್ಲೂ ಒಂದೇ ಎಂದು ಎಣಿಸಿ, ಇವರ ಕಾಯಿಲೆಗೆ ಕಾರಣ ಇದಲ್ಲ, ಏನೆಂದು ತಿಳಿಯದು ಎಂದಿತ್ತು. ಅಕ್ಕನದು ಅಪ್ಪನ ಕಾಯಿಲೆಯಲ್ಲ ಎಂದುಕೊಂಡದ್ದರಿಂದಲೇ ತಮ್ಮನ ಕಿಡ್ನಿ ಒಳ್ಳೆಯದು ಎಂದು ಎಲ್ಲರೂ ನಂಬಿದ್ದರು.

"ನಾನು ಈ ಮಾತು ಕೇಳಿಸ್ಕೊಂಡಿಲ್ಲ. ಇಲ್ಲಿ ಯಾರೂ ಕೇಳಿಸ್ಕೊಂಡಿಲ್ಲ" ಎಂದು ಮುಖ್ಯಸ್ಥರು ಎದ್ದರು. ಆದರೆ ಅವಳು ಚೀಲ ಎತ್ತಿಕೊಂಡು ಹೊರಟಾಗ ಕಾರಿಡಾರಿನಲ್ಲಿ, ನೀರಿನ ಫಿಲ್ಟರಿನ ಹತ್ತಿರ, ಅವಳಿಗಾಗಿ ಕಾಯುತ್ತ ನಿಂತಿದ್ದವರ ಹಾಗೆ ಕಾಣದಿರಲು ಲೋಟ ತೊಳೆಯುತ್ತಿದ್ದರು. "ಸಂಖ್ಯೆ ವಿಷಯ ಎತ್ತಬೇಡ. ಹಳೇ ಪರೀಕ್ಷೆ ಸಾಲದು, ಎಡಗಡೆ ಅಕ್ಷರವನ್ನೇ ನೇರವಾಗಿ ಓದಿಸಿ ಅಂತ ಡಾಕ್ಟರಿಗೆ ಹೇಳು. ಮನೆಯವರೆಲ್ಲರದ್ದೂ ಹೊಸದಾಗಿ ರಕ್ತ ತಗೊಳ್ಳಲಿ. ಕೇಳಿದ್ರೆ ನನ್ನ ಹೆಸರು ಹೇಳು, ನಾನು ಫೋನಲ್ಲಿ ಮಾತಾಡ್ತೀನಿ." ನೀರು ನಿಲ್ಲಿಸಿದರು. "ಪರೀಕ್ಷೆ ನಂದು ತಾನೇ." ಅವಳಿಗೆ ಅವರ ಮೇಲೆ ಪ್ರೀತಿ ಬಂತು. ಅದು ತನ್ನ ಗೆಲುವಿನ ಎಂಜಲೇ ಇರಬಹುದು ಎಂದೂ ಅನ್ನಿಸಿತು.

ಬಸ್ಸಿನ ಕಿಟಕಿಯಲ್ಲಿ ಅಂಗಡಿಗಳು ಹಿಂದೆ ಸರಿಯುತ್ತಿದ್ದವು, ಬೀಗ ರಿಪೇರಿ, ಕನ್ನಡಕ, ಮತ್ತೆ ಕನ್ನಡಕ. ಮುಖ್ಯಸ್ಥರು ತೋರಿಸಿದ ದಾರಿ ಚೊಕ್ಕವಾಗಿತ್ತು. ಡಾಕ್ಟರಿಗೆ ಎರಡು ಮಾತು ಹೇಳಿದರೆ ಸಾಕು, ಆಪರೇಷನ್ ಮುಂದಕ್ಕೆ ಹೋಗುತ್ತದೆ, ಹತ್ತು ದಿನದಲ್ಲಿ ಉತ್ತರ ಬರುತ್ತದೆ, ನಿನ್ನೊಳಗೂ ಅಪ್ಪನ ಕಾಯಿಲೆಯ ಬೀಜ ಇದೆ ಎಂದು ತಮ್ಮನಿಗೆ ಹೇಳುವವರು ಬಿಳಿ ಕೋಟಿನವರು. ತಾನು ಪಕ್ಕದ ಕುರ್ಚಿಯಲ್ಲಿ ಕೂತು, ಅಯ್ಯೋ ಹೌದಾ ಎಂಬ ಮುಖ ಮಾಡಿದರಾಯಿತು. ಆ ಮುಖ ಹೇಗಿರಬೇಕೆಂದು ಕಿಟಕಿಯ ಗಾಜಿನಲ್ಲಿ ಅವಳು ನೋಡಿಕೊಂಡಳು, ತಕ್ಷಣ ಬೇರೆ ಕಡೆ ತಿರುಗಿದಳು. ಯಾರಾದರೂ ಒಬ್ಬರು ಕೊಟ್ಟರೆ ಆಗುತ್ತೆ ಎಂದು ಡಾಕ್ಟರು ಹೇಳಿದ ದಿನ ಮನೆಯ ಕೋಣೆಯಲ್ಲಿ ಮೂವರೂ ಇದ್ದರು. ಅಕ್ಕ ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಇವಳು ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದಳು. ಒಂದೇ ಉಸಿರು, ಆಮೇಲೆ ನಾನು ಕೊಡುತ್ತೇನೆ ಎಂದು ಹೇಳಿಯೇ ಹೇಳುತ್ತಿದ್ದಳು, ಬಾಯಿ ತೆರೆದೂ ಇದ್ದಳು. ಅಷ್ಟರಲ್ಲಿ ತಮ್ಮ, "ನಂದು ತಗೊಳ್ಳೇ, ನಂಗೆ ಎರಡೆರಡು ಯಾಕೆ, ಇರೋ ಒಂದು ತಲೇನೇ ಉಪಯೋಗಿಸ್ತಿಲ್ಲ" ಅಂದುಬಿಟ್ಟ. ಅಕ್ಕ ನಕ್ಕಳು, ಅತ್ತಳು, ಅವನ ಬೆನ್ನಿಗೊಂದು ಗುದ್ದಿದಳು. ತೆರೆದ ಬಾಯಿಯನ್ನು ಇವಳು ಮುಚ್ಚಿಕೊಂಡದ್ದನ್ನು ಯಾರೂ ನೋಡಲಿಲ್ಲ. ಅವನು ಡ್ರೈವಿಂಗ್ ಕಲಿಸುವವನು. ಓದಿನಲ್ಲಿ ಹಿಂದೆ, ಮದುವೆಯಲ್ಲಿ ಸೋಲು, ಮನೆಯಲ್ಲಿ ಯಾವ ತೀರ್ಮಾನಕ್ಕೂ ಯಾರೂ ಅವನನ್ನು ಕೇಳಿದವರಲ್ಲ. ಆ ದಿನದಿಂದ ಅವನು ಮನೆಗೆ ಹಿರಿಯನಾಗಿದ್ದ. ಊಟಕ್ಕೆ ಮೊದಲು ತಟ್ಟೆ ಅವನ ಮುಂದೆ ಬರುತ್ತಿತ್ತು. ಬೀರು ಬಿಟ್ಟ, ಬೆಳಗಿನ ನಡಿಗೆ ಶುರುಮಾಡಿದ, ದನಿ ಕೂಡ ಒಂದು ಸುತ್ತು ದಪ್ಪಗಾಗಿತ್ತು. ಇವತ್ತು ಅವಳು ಅವನಿಂದ ಕಸಿಯಲು ಹೊರಟಿದ್ದು ಇದನ್ನೂ ಸೇರಿಸಿ. ಇನ್ನೂ ಒಂದು ಸಂಗತಿಯಿತ್ತು. ಸೋಮವಾರ ತಮ್ಮನ ಸಂಖ್ಯೆ ಕಂಡ ಮೇಲೆ ಅದರ ಹಿಂದಿನ ಸಂಖ್ಯೆಯನ್ನು ತೆರೆಯಲು ಬೆರಳು ಹೋಗಿತ್ತು. ಅದು ಅವಳದು. ಎರಡು ಪ್ರತಿಯಿದ್ದ ಅಪ್ಪನಿಂದ ಒಂದು ಬಂದೇ ಇರುತ್ತದೆ, ಅಮ್ಮನ ಮುರಿದ ತುಂಡೂ ತನಗೆ ಬಂದಿದ್ದರೆ ತಾನೂ ರೋಗಿಯಾಗಬಹುದಾದವಳು. ಬಂದಿಲ್ಲವಾದರೆ ಅಕ್ಕನಿಗೆ ಕೊಡಬೇಕಾದವಳು ತಾನೇ. ನಾಣ್ಯ ಚಿಮ್ಮಿದಷ್ಟೇ ಸಾಧ್ಯತೆ. ಎಲ್ಲ ಲೆಕ್ಕವೂ ಖಚಿತವಾಗಿದ್ದ ಅವಳು ಆ ಒಂದನ್ನು ಮಾತ್ರ ತೆರೆಯದೆ ಪರದೆ ಆರಿಸಿ ಮನೆಗೆ ಹೋಗಿದ್ದಳು. ಮಂಗಳವಾರವೂ. ಬುಧವಾರವೂ.

ಡಯಾಲಿಸಿಸ್ ಹಾಲಿನಲ್ಲಿ ಒರಗುಕುರ್ಚಿಗಳು ಗೋಡೆಯುದ್ದಕ್ಕೂ ಇದ್ದವು, ಪ್ರತಿಯೊಂದರ ಪಕ್ಕದಲ್ಲೂ ಒಂದು ಯಂತ್ರ, ರಕ್ತ ಹೋಗುವ ಕೊಳವೆ, ಬರುವ ಕೊಳವೆ. ಕಿಟಕಿಯ ಹತ್ತಿರದ ಕುರ್ಚಿ ಅಕ್ಕನದು. ಮೂರು ವರ್ಷದಲ್ಲಿ ಜಗಳವಾಡಿ ಗಿಟ್ಟಿಸಿದ ಜಾಗ. ಅಂಚೆ ಕಚೇರಿಯ ಕೌಂಟರಿನಲ್ಲಿ ಜನರನ್ನು ಗದರಿಸಿ ಸಾಲಿನಲ್ಲಿ ನಿಲ್ಲಿಸಿ ಅಭ್ಯಾಸವಾಗಿದ್ದ ಅಕ್ಕ ಇಲ್ಲಿ ಸಿಸ್ಟರುಗಳನ್ನೂ ಹಾಗೇ ನಡೆಸಿಕೊಳ್ಳುತ್ತಿದ್ದಳು. "ಬಂದಳಪ್ಪ ವಿಜ್ಞಾನಿ" ಎಂದಳು. "ಬರಿಗೈಲಿ ಬಂದ್ಯಾ? ಇವನಿಗಾದ್ರೂ ಏನಾದ್ರೂ ತರಬಾರದೇನೇ, ಶನಿವಾರ ಕೊಯ್ಸಿಕೊಳ್ಳೋನು."

ಸ್ಟೂಲಿನ ಮೇಲೆ ಕೂತಿದ್ದ ತಮ್ಮ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಸಹಿ ಹಾಕಲೆಂದು ಹಾಕಿದ್ದು ಎಂದು ಅವಳಿಗೆ ತಿಳಿಯಿತು. "ಚಿಕ್ಕಕ್ಕಾ, ಕೇಳಿಲ್ಲಿ. ಡಾಕ್ಟ್ರಮ್ಮ ಏನಂದ್ರು ಗೊತ್ತಾ? ನಂದು ಒಳ್ಳೇ ಕಂಡೀಷನ್ ಅಂತೆ. ಶೋರೂಮ್ ಪೀಸು."

"ಶೋರೂಮ್ ಪೀಸ್ ಓಡಿಸಿದವನು ಯಾರು ಅಂತ ಅವರಿಗೆ ಗೊತ್ತಿಲ್ಲ" ಎಂದಳು ಅಕ್ಕ.

ಡಾಕ್ಟರಮ್ಮ ಆಚೆಯ ಕುರ್ಚಿಯ ಬಳಿ ಯಾರದೋ ಯಂತ್ರ ನೋಡುತ್ತಿದ್ದರು. ಕರೆದರೆ ಬರುವಷ್ಟು ಹತ್ತಿರ. ಮೊದಲು ಅವರನ್ನು ಕರೆಯುವುದೇ ಕ್ರಮ, ಮುಖ್ಯಸ್ಥರು ಹೇಳಿಕೊಟ್ಟ ಎರಡು ವಾಕ್ಯವೂ ನಾಲಗೆಯ ತುದಿಯಲ್ಲಿ ಸಿದ್ಧವಿತ್ತು. ಅವಳು ತಮ್ಮನ ಎದುರು, ಅಕ್ಕನ ಕುರ್ಚಿಯ ಅಂಚಿನಲ್ಲಿ ಕೂತಳು. "ನೀನು ಸಹಿ ಹಾಕಬೇಡ ಕಣೋ" ಎಂದಳು.

"ಯಾಕೆ, ಪೆನ್ನು ಸರಿಯಿಲ್ವಾ?"

"ಅಪ್ಪನಿಗೆ ಬಂದಿದ್ದು, ಅಕ್ಕನಿಗೆ ಬಂದಿರೋದು, ಅದೇ ನಿನ್ನೊಳಗೂ ಇದೆ. ಆಸ್ಪತ್ರೆ ಪರೀಕ್ಷೆಗೆ ಕಾಣಲ್ಲ. ನಂಗೆ ಕಾಣಿಸಿತು." ನಿಧಾನವಾಗಿ, ಬೆರಳಿನಿಂದ ಅಕ್ಕನ ಹೊದಿಕೆಯ ಮೇಲೆ ಗೆರೆ ಎಳೆಯುತ್ತ, ಅಪ್ಪನ ಸಾಲು ಇದು, ಅಮ್ಮನ ತುಂಡು ಇದು ಎಂದು ಹೇಳಿದಳು. ಹೇಳುವಾಗ ದನಿ ಮೀಟಿಂಗಿನಲ್ಲಿದ್ದಷ್ಟೇ ಸಮವಾಗಿತ್ತು. "ಇದ್ದೋರಿಗೆಲ್ಲ ಕಾಯಿಲೆ ಬರಲ್ಲ. ನಿಂಗೆ ಬರದೇನೂ ಇರಬಹುದು. ಆದರೆ ಎರಡು ಕಿಡ್ನಿ ಇಟ್ಕೊಂಡು ಕಾಯೋದು ಬೇರೆ, ಒಂದನ್ನ ಕೊಟ್ಟು ಕಾಯೋದು ಬೇರೆ. ಕೊಟ್ಟ ಕಿಡ್ನೀನೂ ಅಕ್ಕನಲ್ಲಿ ಬಹಳ ದಿನ ಬಾಳಲ್ಲ."

"ನನ್ನೊಳಗಿರೋದು ಗ್ಯಾರಂಟೀನಾ?"

"ಗ್ಯಾರಂಟಿ."

ಅವನು ನಗಲು ನೋಡಿದ. "ಅಂದ್ರೆ ಮಾಲು ರಿಜೆಕ್ಟು." ಯಂತ್ರದ ಚಕ್ರ ತಿರುಗುತ್ತಿತ್ತು. ಅವನು ಅಂಗಿಯ ತೋಳಿನ ಗುಂಡಿ ಬಿಚ್ಚಿ, ಒಂದು ಮಡಿಕೆ ಮಡಚಿ, ಮತ್ತೆ ಬಿಡಿಸಿ ಗುಂಡಿ ಹಾಕಿಕೊಂಡ. ಆಮೇಲೆ ತಲೆಯೆತ್ತದೆ ಕೇಳಿದ: "ಇದು ನಿಂಗೆ ಯಾವತ್ತು ಗೊತ್ತಾಯ್ತು?"

ಇವತ್ತು ಬೆಳಿಗ್ಗೆ ಅನ್ನಬಹುದು. ಲೆಕ್ಕ ಮುಗಿದದ್ದು ನಿನ್ನೆ, ಅದೂ ಸುಳ್ಳಲ್ಲ. ಖಾತ್ರಿ ಮಾಡಿಕೊಳ್ಳುತ್ತಿದ್ದೆ ಅಂದರೆ ಯಾರಾದರೂ ಒಪ್ಪುವ ಮಾತು. ಸೋಮವಾರ ಮಧ್ಯಾಹ್ನ ಸಂಖ್ಯೆ ಕಂಡ ಕ್ಷಣವೇ ಅವಳಿಗೆ ಪೂರ್ತಿ ಗೊತ್ತಿತ್ತು, ಎಳ್ಳಷ್ಟೂ ಸಂಶಯವಿರಲಿಲ್ಲ. ಆ ಮೂರು ದಿನ ಅವಳು ಕಾದದ್ದು ಲೆಕ್ಕಕ್ಕಾಗಿ ಎಂಬುದನ್ನು ಅವಳೇ ಒಪ್ಪುವಂತಿರಲಿಲ್ಲ.

"ಸೋಮವಾರ" ಎಂದಳು.

"ಸೋಮವಾರ ರಾತ್ರಿ ನನ್ನ ಜೊತೆ ಕೂತು ಊಟ ಮಾಡಿದೆ. ನಾನು ಆಪರೇಷನ್ ಆದಮೇಲೆ ಎಷ್ಟು ದಿನ ಗಾಡಿ ಓಡಿಸಬಾರದು ಅಂತ ಕೇಳಿದೆ. ನೀನು ಆರು ವಾರ ಅಂದೆ."

"ಹೌದು."

"ಆರು ವಾರ ಅಂದೆ!" ಪಕ್ಕದ ಕುರ್ಚಿಯ ಮುದುಕರು ಕಣ್ಣು ತೆರೆದು ನೋಡಿದರು. ಅವನು ಎದ್ದ, ಹೊರಟ, ಬಾಗಿಲ ತನಕ ಹೋಗಿ ಅಲ್ಲಿ ಹೋಗಲು ಎಲ್ಲೂ ಇಲ್ಲದವನಂತೆ ನಿಂತ. ಹಿಂದಿನಿಂದ ಅವನ ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿ ಒದ್ದೆಯಾಗಿದ್ದುದು ಕಾಣುತ್ತಿತ್ತು. ಅವಳು ಅಕ್ಕನ ಕಡೆ ನೋಡಲಿಲ್ಲ. ನೋಡದೆಯೇ, "ನನ್ನದನ್ನ ನಾನು ತೆರೆದು ನೋಡಿಲ್ಲ ಅಕ್ಕ. ನೋಡಿದ್ರೆ ಕೊಡಬೇಕಾಗುತ್ತೇನೋ ಅಂತ" ಎಂದಳು. ಈ ಮಾತು ಹೊರಗೆ ಬಂದದ್ದೇ ಹೆಗಲಲ್ಲಿದ್ದದ್ದು ಇಳಿಯಬಹುದು ಎಂದುಕೊಂಡಿದ್ದಳು. ಇಳಿಯಲಿಲ್ಲ. ಬೆನ್ನು ನೆಟ್ಟಗೇ ಇತ್ತು.

ಅಕ್ಕ ಕೊಳವೆ ಚುಚ್ಚದ ಕೈಯನ್ನು ಹೊದಿಕೆಯಿಂದ ತೆಗೆದು ಅವಳ ಮೊಣಕೈಯ ಮೇಲಿನ ಮೆತ್ತನೆಯ ಜಾಗವನ್ನು ಹಿಡಿದು ಜೋರಾಗಿ ಚಿವುಟಿದಳು. ಚಿಕ್ಕಂದಿನಲ್ಲಿ ಚಿವುಟುತ್ತಿದ್ದಷ್ಟೇ ಜೋರಾಗಿ, ಕಣ್ಣಲ್ಲಿ ನೀರು ಬರುವವರೆಗೆ. "ನನ್ನ ಮುಂದೆ ಸಾಧ್ವಿ ಆಗಬೇಡ ಕಣೇ" ಎಂದಳು. "ಯಾರಿಗೆ ಇಷ್ಟ ಕೊಯ್ಸಿಕೊಳ್ಳೋದು? ಅವನಿಗಿತ್ತಾ? ಅವನು ಬಚ್ಚಲಲ್ಲಿ ವಾಂತಿ ಮಾಡ್ಕೊಳ್ಳೋದು ನಂಗೆ ಕೇಳಿಸಲ್ಲ ಅಂದ್ಕೊಂಡಿದ್ದಾನೆ. ಡಾಕ್ಟ್ರನ್ನ ಕರಿ ಹೋಗು."

ಡಾಕ್ಟರಮ್ಮ ಎಲ್ಲವನ್ನೂ ನಿಂತೇ ಕೇಳಿದರು, ಎರಡು ಪ್ರಶ್ನೆ ಕೇಳಿದರು, ಹಾಲಿನ ಹೊರಗೆ ಹೋಗಿ ಮುಖ್ಯಸ್ಥರಿಗೆ ಫೋನ್ ಮಾಡಿ ಬಂದರು. ಬಂದಾಗ ಮುಖ ಬೇರೆಯಾಗಿತ್ತು. "ಶನಿವಾರದ್ದು ನಿಲ್ಲಿಸ್ತಿದ್ದೀನಿ. ಮೂವರದ್ದೂ ರಕ್ತ ಈಗಲೇ ತಗೊಳ್ಳೋಣ, ಆ ಅಕ್ಷರವನ್ನೇ ನೇರವಾಗಿ ಓದಿಸೋಣ. ಇವರಿಗೆ" ಎಂದು ತಮ್ಮನತ್ತ ಕೈ ತೋರಿಸಿ, "ಇನ್ನು ವರ್ಷಕ್ಕೆರಡು ಸಲ ಪರೀಕ್ಷೆ. ಬೇಗ ಗೊತ್ತಾಗಿದ್ದು ಒಳ್ಳೇದೇ ಆಯ್ತು." ತಮ್ಮ ಬಾಗಿಲಿನಿಂದ ಹಿಂದಕ್ಕೆ ಬಂದು ಸ್ಟೂಲನ್ನು ಎಳೆದು ಕೂತ. ಮೊದಲು ಕೂತಿದ್ದ, ಅವಳಿಗೆ ತಾಗಿಯೇ ಇದ್ದ ಸ್ಟೂಲು ಅದು. ಹಾಲಿನಲ್ಲಿ ಬೇರೆ ಇರಲಿಲ್ಲ. ತನ್ನ ಕಣ್ಣು ಅವಳಿಗೆ ಕಾಣದಂತೆ ಮುಖ ತಿರುಗಿಸಿಕೊಂಡ.

ಸಿಸ್ಟರ್ ತಟ್ಟೆಯಲ್ಲಿ ಖಾಲಿ ಟ್ಯೂಬುಗಳನ್ನು ಜೋಡಿಸಿಕೊಂಡು ಬಂದಳು. "ಯಾರು ಮೊದಲು?" ತಮ್ಮ ಅಂಗಿಯ ತೋಳನ್ನು ಮೇಲಕ್ಕೆ ಮಡಚಿದ. ಅವಳೂ ಮಡಚಿದಳು. ಚಿವುಟಿದ ಜಾಗ ಕೆಂಪಗೆ ಉಬ್ಬಿತ್ತು. ಬರುವ ಹತ್ತು ದಿನದಲ್ಲಿ ತಾನು ತಿಳಿಯಬೇಕಾದದ್ದು ಒಂದೋ ಕಾಯಿಲೆ ಒಂದೋ ಚಾಕು. ಎರಡರಲ್ಲಿ ಯಾವುದು ಬಂದರೂ ಅದಕ್ಕೆ ತಾನಿದ್ದೇನೆ ಎಂಬುದರಲ್ಲಿ ಅವಳಿಗೆ ಈಗ ಅನುಮಾನವಿರಲಿಲ್ಲ. ಇದು ಲೆಕ್ಕದಿಂದ ಬಂದ ಖಾತ್ರಿಯಾಗಿರಲಿಲ್ಲ, ಆದರೂ ಬಂದು ಕೂತದ್ದು ಅದೇ ಹೆಗಲಲ್ಲಿ.

"ಇವಳಿಗೂ ಎರಡೂ ಇದ್ದುಬಿಟ್ರೆ?" ತಮ್ಮ ಕೇಳಿದ್ದು ಅಕ್ಕನನ್ನು.

"ಇದ್ದುಬಿಟ್ರೆ ಏನು? ಈ ಕಡೆ ಎರಡು ಕುರ್ಚಿ ಹಿಡಿದಿಡ್ತೀನಿ. ಮೂವರೂ ಸಾಲಾಗಿ ಕೂರೋಣ" ಎಂದಳು ಅಕ್ಕ. "ಜಗಳ ಆಡೋಕೆ ಜನ ಇಲ್ಲದೆ ಸಾಕಾಗಿಹೋಗಿದೆ ನಂಗೆ."

ಸಿಸ್ಟರ್ ನಕ್ಕಳು. ಪಕ್ಕದ ಮುದುಕರೂ ನಕ್ಕರು. ತಮ್ಮ ನಗಲಿಲ್ಲ. ಆದರೆ ರಬ್ಬರು ಪಟ್ಟಿ ಕಟ್ಟಲೆಂದು ಸಿಸ್ಟರ್ ಇಬ್ಬರ ತೋಳನ್ನೂ ಒಂದೇ ದಿಂಬಿನ ಮೇಲೆ ಎಳೆದು ಒತ್ತೊತ್ತಾಗಿ ಇಟ್ಟಾಗ, ತನ್ನದನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.